ನಮ್ಮ ಮಧ್ಯಾವಧಿ ಚುನಾವಣೆ ಎಲ್ಲಿ ಹೋಯಿತು?

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಜನ ಎರಡು ಪಾಳಯವಾಗಿ ಒಡೆದುಹೋಗಿರುವ ಬಗ್ಗೆ, 2026ರ ನವೆಂಬರ್ 3ಕ್ಕೆ ಅಲ್ಲಿ ನಡೆಯಲಿರುವ ಮಧ್ಯಾವಧಿ ಚುನಾವಣೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಓದಿ ಮುಗಿಸಿದ ಮೇಲೆ ಸ್ವಲ್ಪ ಸಿಟ್ಟು ಬಂತು. ಲೇಖಕರ ಮೇಲಲ್ಲ. ಸಾವಿರಾರು ಮೈಲಿ ದೂರದ ಚುನಾವಣೆ ಯಾವ ತಾರೀಖಿಗೆ ಅಂತ ಕಲಬುರಗಿಯಲ್ಲಿ ಕುಳಿತ ನನಗೆ ಗೊತ್ತಾಯಿತು, ಆದರೆ ಕಲಬುರಗಿ ಜಿಲ್ಲಾ ಪಂಚಾಯತಿಗೆ ಚುನಾವಣೆ ಯಾವಾಗ ಅಂದರೆ ಯಾರೂ ಹೇಳುವುದಿಲ್ಲ ಅಲ್ವಾ, ಅದಕ್ಕೆ. ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ನೌಕರಿಯಲ್ಲಿದ್ದಾಗ ಮತಗಟ್ಟೆ ಕೆಲಸಕ್ಕೆ ಕಳಿಸದ ಚುನಾವಣೆ ಕಡಿಮೆ. ಹಾಗಾಗಿ ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ. ಪತ್ರ ಉದ್ದವಾಗಿದೆ, ಕತ್ತರಿಸುವುದು ನಿಮಗೆ ಬಿಟ್ಟದ್ದು.

ಮೊದಲು ಅಮೆರಿಕದ ಮಾತು ಮುಗಿಸುತ್ತೇನೆ. ಅಲ್ಲಿ ಅಧ್ಯಕ್ಷರಿಗೆ ನಾಲ್ಕು ವರ್ಷ. ಅದರ ನಡುವೆ, ಸರಿಯಾಗಿ ಎರಡು ವರ್ಷಕ್ಕೆ, ಕೆಳಮನೆಯ 435 ಸೀಟಿಗೂ ಮೇಲ್ಮನೆ ಸೆನೆಟ್‌ನ ಮೂರರಲ್ಲಿ ಒಂದು ಭಾಗಕ್ಕೂ ಚುನಾವಣೆ. ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇರುವುದಿಲ್ಲ, ಆದರೆ ಪೆಟ್ಟು ಬೀಳುವುದು ಅವರಿಗೇ. ಒಬಾಮ ಅವರ ಪಕ್ಷ 2010ರಲ್ಲಿ ಕೆಳಮನೆಯ 63 ಸೀಟು ಕಳೆದುಕೊಂಡಿತು. 2018ರಲ್ಲಿ ಟ್ರಂಪ್ ಅವರ ಪಕ್ಷಕ್ಕೂ ಅದೇ ಗತಿ, ಸುಮಾರು 40 ಸೀಟು ಹೋಯಿತು. ಇಬ್ಬರೂ ಅಧ್ಯಕ್ಷರಾಗಿಯೇ ಉಳಿದರು. ಸರ್ಕಾರ ಬೀಳಲಿಲ್ಲ, ಆದರೆ ಬೈಗುಳ ಮಾತ್ರ ಲೆಕ್ಕಸಮೇತ ಮುಟ್ಟಿತು. 1862ರಲ್ಲಿ ಆ ದೇಶ ಎರಡು ತುಂಡಾಗಿ ಒಳಗೊಳಗೇ ಯುದ್ಧ ನಡೆಯುತ್ತಿತ್ತು, ಲಿಂಕನ್ ಅಧ್ಯಕ್ಷರಾಗಿದ್ದರು. ಆಗಲೂ ಈ ಚುನಾವಣೆ ನಿಲ್ಲಿಸಲಿಲ್ಲ. ಲಿಂಕನ್ ಪಕ್ಷ ಒಂದಷ್ಟು ಸೀಟು ಸೋತಿತು, ಮತ್ತೆ ಯುದ್ಧ ಮುಂದುವರಿಸಿತು. ನಮ್ಮಲ್ಲಿ ವಾರ್ಡು ವಿಂಗಡಣೆ ಆಗಿಲ್ಲ, ಮೀಸಲಾತಿ ಪಟ್ಟಿ ಬಂದಿಲ್ಲ ಅಂತ ಚುನಾವಣೆಯನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತಾರೆ. ಅದಕ್ಕೇ ಇದನ್ನು ಬರೆದೆ.

2022ರ ಮಧ್ಯಾವಧಿ ಚುನಾವಣೆಯ ಕಥೆ ಇನ್ನೂ ಸ್ವಾರಸ್ಯ. ಬೈಡನ್ ಅಧ್ಯಕ್ಷರು. ಆ ವರ್ಷ ಜೂನ್‌ನಲ್ಲಿ ಬೆಲೆ ಏರಿಕೆ ಶೇ 9.1ಕ್ಕೆ ಮುಟ್ಟಿತ್ತು, ಪೆಟ್ರೋಲ್ ತುಟ್ಟಿ, ಜನರಿಗೆ ಅಸಮಾಧಾನ. ಟ್ರಂಪ್ ಪಕ್ಷದ ರಿಪಬ್ಲಿಕನ್ನರು ಅಲೆ ಎದ್ದಿದೆ, ನಮ್ಮದೇ ಗೆಲುವು ಅಂತ ಕುಣಿಯುತ್ತಿದ್ದರು. ಫಲಿತಾಂಶ ಬಂದಾಗ ಕೆಳಮನೆಯಲ್ಲಿ ಅವರಿಗೆ 222, ಎದುರಾಳಿಗೆ 213. ಬಹುಮತಕ್ಕೆ 218 ಬೇಕು, ಅಂದರೆ ನಾಲ್ಕೇ ಸೀಟು ಜಾಸ್ತಿ. ಸೆನೆಟ್ ಅಂತೂ ಕೈಗೆ ಸಿಗಲೇ ಇಲ್ಲ, ಬೈಡನ್ ಪಕ್ಷದ ಡೆಮಾಕ್ರಟ್‌ರಿಗೆ 51 ಆಯಿತು. ಇಷ್ಟು ಒಳ್ಳೆಯ ಹವಾ ಇದ್ದೂ ಒಂದು ಪಕ್ಷ ಇಷ್ಟು ಕೆಟ್ಟದಾಗಿ ಆಡಿದ್ದು ಯಾಕೆ? ಗರ್ಭಪಾತದ ಹಕ್ಕನ್ನು ತೆಗೆದುಹಾಕಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಜೂನ್‌ನಲ್ಲಿ ಕೊಟ್ಟ ತೀರ್ಪು ಒಂದು ಕಾರಣ, ಹೆಣ್ಣುಮಕ್ಕಳು ಸಿಟ್ಟಾದರು. ಇನ್ನೊಂದು ಕಾರಣ ನಮಗೆ ಬಹಳ ಪರಿಚಯದ್ದು. ಟಿಕೆಟ್.

ಅಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ಲ. ಪಕ್ಷದ ಒಳಗೇ ಒಂದು ಚುನಾವಣೆ ನಡೆಯುತ್ತದೆ, ಪ್ರೈಮರಿ ಅಂತಾರೆ. ಕೇಳಲು ಚೆಂದ. ಆದರೆ ಅದಕ್ಕೆ ಮತ ಹಾಕಲು ಬರುವವರು ಕಡಿಮೆ, ಬರುವವರಲ್ಲಿ ಬಿಸಿ ಜಾಸ್ತಿ ಇರುವವರೇ ಮುಂದೆ. 2021ರಲ್ಲಿ ಟ್ರಂಪ್ ವಿರುದ್ಧ ಮಹಾಭಿಯೋಗಕ್ಕೆ, ಅಂದರೆ ಅಧ್ಯಕ್ಷರ ಮೇಲೆ ಸಂಸತ್ತು ಆರೋಪ ಹೊರಿಸುವುದಕ್ಕೆ, ಮತ ಹಾಕಿದ ಅವರದೇ ಪಕ್ಷದ ಸದಸ್ಯರು 10 ಮಂದಿ ಇದ್ದರು. ಅವರಲ್ಲಿ ನಾಲ್ವರು ಮತ್ತೆ ನಿಲ್ಲಲೇ ಇಲ್ಲ. ನಾಲ್ವರು ಪ್ರೈಮರಿಯಲ್ಲಿ ಸೋತರು. ಇಬ್ಬರು ಮಾತ್ರ ಗೆದ್ದು ಉಳಿದರು. ವಾಷಿಂಗ್ಟನ್ ರಾಜ್ಯದ ಒಂದು ಕ್ಷೇತ್ರದಲ್ಲಿ ಜೇಮಿ ಹೆರೇರಾ ಬಟ್ಲರ್ ಅಂತ ಹಳೆಯ ಸದಸ್ಯೆ. ಅವರನ್ನು ಬೀಳಿಸಿ ಜೋ ಕೆಂಟ್ ಅನ್ನುವ ಉಗ್ರ ಮಾತಿನ ಅಭ್ಯರ್ಥಿ ಮುಂದೆ ಬಂದರು. ಪಕ್ಷದ ಭದ್ರಕೋಟೆ ಅಂತಿದ್ದ ಆ ಸೀಟನ್ನು ನವೆಂಬರ್‌ನಲ್ಲಿ ಒಬ್ಬ ಡೆಮಾಕ್ರಟ್ ಹೆಣ್ಣುಮಗಳು ಮೂರು ಸಾವಿರಕ್ಕೂ ಕಡಿಮೆ ಮತದ ಅಂತರದಲ್ಲಿ ಕಿತ್ತುಕೊಂಡರು.

ಮಿಷಿಗನ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಲ್ಲಿ ಪೀಟರ್ ಮೈಯರ್ ಅಂತ ರಿಪಬ್ಲಿಕನ್ ಸದಸ್ಯ, ಮಹಾಭಿಯೋಗಕ್ಕೆ ಮತ ಹಾಕಿದ ಹತ್ತರಲ್ಲಿ ಒಬ್ಬರು. ಅವರ ಪ್ರೈಮರಿಯಲ್ಲಿ ಅವರ ಎದುರಾಳಿ ಜಾನ್ ಗಿಬ್ಸ್ ಪರವಾಗಿ ಕೆಲಸ ಮಾಡುವಂಥ ಜಾಹೀರಾತಿಗೆ ದುಡ್ಡು ಹಾಕಿದ್ದು ಯಾರು ಗೊತ್ತಾ? ಡೆಮಾಕ್ರಟಿಕ್ ಪಕ್ಷ! ಉಗ್ರ ಅಭ್ಯರ್ಥಿ ಬಂದರೆ ನವೆಂಬರ್‌ನಲ್ಲಿ ನಮಗೆ ಗೆಲ್ಲುವುದು ಸುಲಭ ಅನ್ನುವ ಲೆಕ್ಕ. ಲೆಕ್ಕ ಸರಿಯಾಯಿತು, ಸೀಟು ಗೆದ್ದರು. ಒಂದು ಕಡೆ ಪ್ರಜಾಪ್ರಭುತ್ವ ಅಪಾಯದಲ್ಲಿದೆ ಅಂತ ಭಾಷಣ, ಇನ್ನೊಂದು ಕಡೆ ಆ ಅಪಾಯಕ್ಕೇ ತಮ್ಮ ಕಿಸೆಯಿಂದ ಖರ್ಚು. ಜನರನ್ನು ಒಡೆಯುವುದರಿಂದ ಲಾಭ ಒಂದೇ ಪಕ್ಷಕ್ಕೆ ಅಂತ ತಿಳಿದವರು ಈ ಮಿಷಿಗನ್ ಕಥೆ ಒಮ್ಮೆ ಓದಬೇಕು.

ನಾಲ್ಕು ಸೀಟಿನ ಬಹುಮತ ಏನು ಮಾಡಿತು ಅನ್ನುವುದೂ ಇದೆ. 2023ರ ಜನವರಿಯಲ್ಲಿ ಕೆವಿನ್ ಮೆಕಾರ್ಥಿ ಅವರನ್ನು ಸ್ಪೀಕರ್ ಮಾಡಲು 15 ಸುತ್ತು ಮತ ಹಾಕಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಅವರದೇ ಪಕ್ಷದ ಎಂಟು ಜನ ಎದುರಾಳಿಗಳ ಜೊತೆ ಸೇರಿ ಅವರನ್ನು ಇಳಿಸಿದರು. ಅಲೆಯ ಆಸೆಯಲ್ಲಿದ್ದ ಪಕ್ಷಕ್ಕೆ ಸಿಕ್ಕ ಫಲ ಇದು.

ಹಾಗಂತ ಮಧ್ಯಾವಧಿ ಚುನಾವಣೆ ಅಂದರೆ ದಿವ್ಯೌಷಧ ಅಂತ ನಾನು ಹೇಳುತ್ತಿಲ್ಲ. ಅಷ್ಟಾದರೂ 2024ರಲ್ಲಿ ಟ್ರಂಪ್ ಮತ್ತೆ ಗೆದ್ದರು, ಎರಡು ಕಡೆಯ ಜಗಳ ಒಂದಿಷ್ಟೂ ತಣ್ಣಗಾಗಲಿಲ್ಲ. ಆದರೆ ಒಂದು ಸಂಗತಿ ಗಮನಿಸಿ. 2022ರ ಆಗಸ್ಟ್‌ನಲ್ಲಿ ಕ್ಯಾನ್ಸಾಸ್ ರಾಜ್ಯದಲ್ಲಿ ಗರ್ಭಪಾತದ ಹಕ್ಕನ್ನು ಆ ರಾಜ್ಯದ ಸಂವಿಧಾನದಿಂದ ತೆಗೆಯಬೇಕೋ ಬೇಡವೋ ಅಂತ ಜನಮತ ಕೇಳಿದರು. ಎರಡು ವರ್ಷದ ಹಿಂದೆ ಟ್ರಂಪ್ ಅವರನ್ನು ದೊಡ್ಡ ಅಂತರದಲ್ಲಿ ಗೆಲ್ಲಿಸಿದ್ದ ಜನ, ಶೇ 59ರಷ್ಟು ಮಂದಿ, ತೆಗೆಯಬೇಡಿ ಅಂದರು. ಪಕ್ಷ ಒಂದು, ವಿಷಯ ಇನ್ನೊಂದು. ಕೇಳಿದರೆ ಜನ ಬಿಡಿಸಿ ಬಿಡಿಸಿ ಉತ್ತರ ಕೊಡುತ್ತಾರೆ. ಯಾರೂ ಕೇಳದಿದ್ದಾಗ ಮಾತ್ರ ಅವರನ್ನು ಒಂದೇ ಮೂಟೆಯಲ್ಲಿ ಕಟ್ಟಿ ಇವರು ಆ ಕಡೆ, ಅವರು ಈ ಕಡೆ ಅಂತ ಬರೆಯುತ್ತೇವೆ.

ಈಗ ನಮ್ಮ ಕಡೆಗೆ ಬರೋಣ.

ನಮ್ಮ ಭಾಗದ ಜನವೂ ಬಿಡಿಸಿಯೇ ಉತ್ತರ ಕೊಡುತ್ತಾರೆ, ಅಂಕಿಗಳನ್ನು ನೋಡಿ. ಬೀದರ್ ಲೋಕಸಭಾ ಕ್ಷೇತ್ರಕ್ಕೆ ಬೀದರ್ ಜಿಲ್ಲೆಯ ಆರು ಮತ್ತು ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿ ಸೇರಿ ಎಂಟು ವಿಧಾನಸಭಾ ಕ್ಷೇತ್ರ. 2023ರಲ್ಲಿ ಇಡೀ ರಾಜ್ಯದಲ್ಲಿ ಕಾಂಗ್ರೆಸ್ 135 ಸೀಟು ಗೆದ್ದು ಬಿಜೆಪಿ 66ಕ್ಕೆ ಇಳಿದಾಗಲೂ ಈ ಎಂಟರಲ್ಲಿ ಐದು ಬಿಜೆಪಿಗೇ ಬಂದವು. ಒಂದೇ ವರ್ಷ. 2024ರ ಲೋಕಸಭೆಯಲ್ಲಿ ಅದೇ ಜನ ಹಾಲಿ ಕೇಂದ್ರ ಸಚಿವರಾಗಿದ್ದ ಭಗವಂತ ಖೂಬಾ ಅವರನ್ನು 1.28 ಲಕ್ಷಕ್ಕೂ ಹೆಚ್ಚು ಮತದಿಂದ ಸೋಲಿಸಿ, 26 ವಯಸ್ಸಿನ ಸಾಗರ ಖಂಡ್ರೆ ಅವರನ್ನು ದೆಹಲಿಗೆ ಕಳಿಸಿದರು. ಕಲಬುರಗಿ ಕ್ಷೇತ್ರದಲ್ಲಿ 2019ರಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರು 95,452 ಮತದಿಂದ ಸೋತರು. ಅಷ್ಟೊತ್ತಿಗೆ ಅವರು ಗುರುಮಠಕಲ್‌ನಿಂದ ಎಂಟು ಸಲ, ಚಿತ್ತಾಪುರದಿಂದ ಒಂದು ಸಲ ವಿಧಾನಸಭೆಗೆ, ಇಲ್ಲಿಂದಲೇ ಎರಡು ಸಲ ಲೋಕಸಭೆಗೆ ಗೆದ್ದಿದ್ದವರು. 2024ರಲ್ಲಿ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಗೆದ್ದರು, ಆದರೆ ಅಂತರ 27,205 ಮಾತ್ರ. ಇಲ್ಲಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರು ಕಾಂಗ್ರೆಸ್ ಕೈಯಲ್ಲಿದ್ದವು ಅನ್ನುವುದನ್ನು ನೆನಪಿಡಿ. ಇಂಥ ಜನರನ್ನು ಯಾರಾದರೂ ಗುತ್ತಿಗೆ ಹಿಡಿದಿದ್ದೇವೆ ಅಂದರೆ ನಗು ಬರುತ್ತದೆ.

2024ರ ಆ ಫಲಿತಾಂಶ ಎರಡೂ ಪಕ್ಷಕ್ಕೆ ನಿರಾಸೆ ತಂದದ್ದು ಅನ್ನುವುದನ್ನು ನಾವು ಮರೆತೇ ಬಿಟ್ಟಿದ್ದೇವೆ. ಕಲ್ಯಾಣ ಕರ್ನಾಟಕದ ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳ, ಬಳ್ಳಾರಿ, ಐದಕ್ಕೆ ಐದೂ 2019ರಲ್ಲಿ ಬಿಜೆಪಿಯದ್ದಾಗಿದ್ದವು, ಐದೂ ಹೋದವು. ಇನ್ನೊಂದು ಕಡೆ, ವರ್ಷದ ಹಿಂದಷ್ಟೇ 135 ಗೆದ್ದಿದ್ದ, ಗ್ಯಾರಂಟಿ ದುಡ್ಡು ಮನೆಮನೆಗೆ ಮುಟ್ಟಿಸಿದ್ದ ಕಾಂಗ್ರೆಸ್ಸಿಗೆ ರಾಜ್ಯದ 28ರಲ್ಲಿ ಬಂದದ್ದು 9. ಎರಡೂ ಪಕ್ಷದವರು ತಮ್ಮ ಗಾಯ ಮುಚ್ಚಿಕೊಂಡು ಎದುರಿನವರ ಗಾಯ ತೋರಿಸಿ ಮಾತಾಡಿದರು. ಇಲ್ಲಿ ಬಿಜೆಪಿ ಬೆಂಬಲಿಸುವ ಗೆಳೆಯರನ್ನು ಕೇಳಿದರೆ ಗ್ಯಾರಂಟಿಯಿಂದ ಸೋತೆವು, ಸಂವಿಧಾನ ಬದಲಾಯಿಸುತ್ತಾರೆ ಅನ್ನುವ ಸುಳ್ಳು ಪ್ರಚಾರದಿಂದ ಸೋತೆವು ಅಂತಾರೆ. ಬೀದರ್‌ನಲ್ಲಿ ಖೂಬಾ ಅವರಿಗೆ ಟಿಕೆಟ್ ಕೊಡಬೇಡಿ ಅಂತ ಅವರದೇ ಪಕ್ಷದ ಔರಾದ್ ಶಾಸಕ ಪ್ರಭು ಚವ್ಹಾಣ್ ಬಹಿರಂಗವಾಗಿ ವಿರೋಧಿಸಿದ್ದನ್ನು ಯಾರೂ ಎತ್ತುವುದಿಲ್ಲ. ಅಮೆರಿಕದಲ್ಲಿ ಟಿಕೆಟ್ಟನ್ನು ಬಿಸಿತಲೆಯ ನಾಲ್ಕು ಮಂದಿ ನಿರ್ಧರಿಸುತ್ತಾರೆ, ನಮ್ಮಲ್ಲಿ ದೆಹಲಿಯ ನಾಲ್ಕು ಮಂದಿ. ಎರಡರಲ್ಲೂ ಊರಿನವರ ಮಾತಿಗೆ ಜಾಗ ಕಡಿಮೆ. ಕಾಂಗ್ರೆಸ್ ಗೆಳೆಯರು ಕೂಡ ಏನು ಕಡಿಮೆಯಿಲ್ಲ. ಅವರಿಗೆ 9 ಅನ್ನುವ ಅಂಕಿ ಕೇಳಿಸುವುದೇ ಇಲ್ಲ, 1 ಇದ್ದದ್ದು 9 ಆಯಿತಲ್ಲ ಅಂತ ವಾದ.

ಇದೆಲ್ಲ ಮತದಾರರ ಕಥೆ. ಮಾತುಗಾರರ ಕಥೆ ಬೇರೆ. 2025ರಲ್ಲಿ ಅದನ್ನು ಕಣ್ಣಾರೆ ಕಂಡೆವು. ಆಗಸ್ಟ್, ಸೆಪ್ಟೆಂಬರ್ ಮಳೆಗೆ ಹೆಸರು, ಉದ್ದು ಹೊಲದಲ್ಲೇ ಕೊಳೆತವು. ತೊಗರಿ ಹೊಲದಲ್ಲಿ ನೀರು ನಿಂತಿತು, ಬೀದರ್ ಕಡೆ ಸೋಯಾ ಹೋಯಿತು. ಸೆಪ್ಟೆಂಬರ್ ಕೊನೆಗೆ ಮಹಾರಾಷ್ಟ್ರದಿಂದ ಬಿಟ್ಟ ನೀರಿಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ, ಯಾದಗಿರಿ ಕಡೆ ದಂಡೆಯ ಊರುಗಳಿಗೆ ನುಗ್ಗಿತು. ಮುಖ್ಯಮಂತ್ರಿ ವಿಮಾನದಲ್ಲಿ ನೋಡಿ ಹೋದರು. ಒಣ ಬೇಸಾಯದ ಹೆಕ್ಟೇರಿಗೆ ಕೇಂದ್ರದ ಲೆಕ್ಕದ 8,500 ರೂಪಾಯಿಗೆ ರಾಜ್ಯದಿಂದ ಇನ್ನೂ 8,500 ಸೇರಿಸುತ್ತೇವೆ ಅಂದರು. ಸರಿ, ಒಳ್ಳೆಯದು. ಇನ್ನು ಇದರ ಮೇಲೆ ಚರ್ಚೆ ಆಗಬೇಕಿತ್ತು. ಯಾರ ಹೊಲ ಸಮೀಕ್ಷೆ ಆಯಿತು, ಯಾರದ್ದು ಬಿಟ್ಟು ಹೋಯಿತು, ಪಾಲಿಗೆ ಮಾಡಿದವನಿಗೆ ಸಿಗುತ್ತದೋ ಹೊಲದ ಒಡೆಯನಿಗೋ, ಇಂಥವು.

ಆದರೆ ಅಕ್ಟೋಬರ್ ಬಂತು. ಸಚಿವ ಪ್ರಿಯಾಂಕ್ ಖರ್ಗೆ ಅವರು ಸರ್ಕಾರಿ ಜಾಗಗಳಲ್ಲಿ ಆರೆಸ್ಸೆಸ್ ಚಟುವಟಿಕೆ ನಿಲ್ಲಿಸಿ ಅಂತ ಮುಖ್ಯಮಂತ್ರಿಗೆ ಪತ್ರ ಬರೆದರು. ಚಿತ್ತಾಪುರದ ಪಥಸಂಚಲನಕ್ಕೆ ಅನುಮತಿ ಸಿಗಲಿಲ್ಲ, ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು, ಕೊನೆಗೆ ನವೆಂಬರ್ 16ಕ್ಕೆ ಸಂಚಲನ ನಡೆಯಿತು. ಇದರಲ್ಲಿ ಯಾರು ಸರಿ ಅನ್ನುವುದಕ್ಕೆ ನನ್ನದೂ ಅಭಿಪ್ರಾಯ ಇದೆ, ಅದು ಈ ಪತ್ರಕ್ಕೆ ಬೇಡ. ನಾನು ಹೇಳುವುದು ಇಷ್ಟೇ. ಒಂದು ತಿಂಗಳು ನಮ್ಮ ಗಂಜ್‌ನ ಚಾ ಅಂಗಡಿಯಲ್ಲಿ, ನಮ್ಮ ನಿವೃತ್ತ ಮಾಸ್ತರರ ವಾಟ್ಸಾಪ್ ಗುಂಪಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಇದೊಂದೇ ಮಾತು. ಹೊಲದಲ್ಲಿ ನೀರು ನಿಂತವನೂ ಇದೇ ಮಾತು. ಮೂವತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಹಂಚಿಕೊಂಡು ಉಂಡವರು ಗುಂಪು ಬಿಟ್ಟು ಹೋದರು. ಬಿಟ್ಟವರಿಗೆ ಫೋನ್ ಮಾಡಿ ಕರೆದರೆ, ಮೊದಲು ನೀವು ಯಾವ ಕಡೆ ಅಂತ ಹೇಳಿ ಸರ್ ಅಂತಾರೆ.

ಇವರೆಲ್ಲ ಕೆಟ್ಟವರಾ? ಖಂಡಿತ ಇಲ್ಲ. ಇವರ ಸಿಟ್ಟಿಗೆ ಹೋಗಲು ಬೇರೆ ದಾರಿ ಇಲ್ಲ, ನನ್ನ ಅನಿಸಿಕೆ ಇದೇ. ಹೊಲಕ್ಕೆ ಹೋಗುವ ದಾರಿ ಕೊಚ್ಚಿಹೋಗಿದೆ, ಶಾಲೆ ಕೋಣೆ ಸೋರುತ್ತದೆ, ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಇಲ್ಲ. ಇದಕ್ಕೆ ಯಾರನ್ನು ಬೈಯಬೇಕು? ಶಾಸಕರು ಸಿಗುವುದಿಲ್ಲ, ಸಿಕ್ಕರೂ ಇಂಥ ಸಣ್ಣ ಕೆಲಸ ಹೇಳಲು ಮುಜುಗರ. ಗ್ರಾಮ ಪಂಚಾಯತಿಯ ಕೈಯಲ್ಲಿ ಅಷ್ಟು ದುಡ್ಡಿಲ್ಲ. ನಡುವೆ ಇದ್ದವರು ಯಾರು? ತಾಲೂಕು ಪಂಚಾಯತಿ ಸದಸ್ಯ, ಜಿಲ್ಲಾ ಪಂಚಾಯತಿ ಸದಸ್ಯ. ಮಳೆಗಾಲ ಮುಗಿದ ಮೇಲೆ ನಮ್ಮ ಹಳ್ಳಿಗೆ ಹೋದಾಗ ಮೋರಿ ಕುಸಿದು ಬಸ್ಸು ಊರ ಹೊರಗೇ ತಿರುಗಿ ಹೋಗುತ್ತಿತ್ತು. ಯಾರಿಗಾದರೂ ಹೇಳಿದ್ದೀರಾ ಅಂತ ಕೇಳಿದ್ದಕ್ಕೆ ಒಬ್ಬ ಹುಡುಗ, "ಯಾರಿಗ್ ಹೇಳ್ಬೇಕ್ರಿ ಸರ್, ಮೆಂಬರೇ ಇಲ್ಲ" ಅಂದ. ಆ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಅವನು ಇದುವರೆಗೆ ಜಿಲ್ಲಾ ಪಂಚಾಯತಿಗೆ ಮತವನ್ನೇ ಹಾಕಿಲ್ಲ.

ಹೇಗೆ ಹಾಕುತ್ತಾನೆ? ರಾಜ್ಯದಲ್ಲಿ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ಕೊನೆಯ ಬಾರಿ ಚುನಾವಣೆ ಆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅಂದಿನಿಂದ ಎಲ್ಲ ಅಧಿಕಾರಿಗಳ ಕೈಯಲ್ಲಿ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿಯಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ತಂದ ವಿಧಿ ಅದು. ಅದಕ್ಕೂ ಮೊದಲೇ, 1987ರಲ್ಲಿ, ಜಿಲ್ಲಾ ಪರಿಷತ್ತಿಗೆ ಚುನಾವಣೆ ಮಾಡಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅಂತ ಹೆಸರಾದವರು. ಅವರ ರಾಜ್ಯದಲ್ಲಿ ಈಗ ಈ ಸ್ಥಿತಿ.

ತಪ್ಪು ಯಾರದ್ದು ಅಂದರೆ ಇಲ್ಲಿ ಮಾತ್ರ ಎರಡೂ ಪಾಳಯ ಒಂದಾಗಿವೆ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ತಯಾರಿ ನಡೆಸಿತ್ತು. ಆಗಿದ್ದ ಬಿಜೆಪಿ ಸರ್ಕಾರ ಕಾನೂನು ತಿದ್ದಿ ಕ್ಷೇತ್ರ ವಿಂಗಡಣೆ ಅಧಿಕಾರವನ್ನು ಆಯೋಗದಿಂದ ತೆಗೆದು ಬೇರೊಂದು ಸಮಿತಿಗೆ ಕೊಟ್ಟಿತು. ಆಗ ವಿರೋಧದಲ್ಲಿದ್ದ ಕಾಂಗ್ರೆಸ್ ಇದು ಪ್ರಜಾಪ್ರಭುತ್ವದ ಕೊಲೆ ಅಂತ ಕೂಗಿತು. 2023ರ ಮೇನಲ್ಲಿ ಅದೇ ಕಾಂಗ್ರೆಸ್ ಅಧಿಕಾರಕ್ಕೆ ಬಂತು, ಚುನಾವಣೆ ಮಾತ್ರ ಬರಲಿಲ್ಲ. ಈಗ ಕೂಗುವ ಪಾಳಿ ಬಿಜೆಪಿಯದ್ದು. ವಿಳಂಬಕ್ಕೆ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿದ್ದೂ ಆಯಿತು. ಸ್ಥಳೀಯ ಚುನಾವಣೆ ಮುಂದಕ್ಕೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೂ ಹೇಳಿದೆ, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲೂ ಹೇಳಿದೆ. ಯಾರೂ ಅಲುಗಲಿಲ್ಲ.

ತಮಾಷೆ ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಚುನಾವಣೆಗೆ ಯಂತ್ರ ಬೇಡ, ಮತಪತ್ರ ಬೇಕು ಅಂತ ಶಿಫಾರಸು ಮಾಡಿತು. ಕೂಡಲೇ ಜಗಳ ಶುರು. ಟಿವಿಯಲ್ಲಿ, ಗುಂಪಿನಲ್ಲಿ, ಎಲ್ಲ ಕಡೆ ಯಂತ್ರ ಸರಿಯೋ ಮತಪತ್ರ ಸರಿಯೋ ಅಂತ. ದಿನಾಂಕವೇ ಇಲ್ಲದ ಚುನಾವಣೆಗೆ ಮತ ಹಾಕುವುದು ಯಾವುದರಲ್ಲಿ ಅನ್ನುವ ಚರ್ಚೆ! 2020ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆಯಲ್ಲಿ ಮಾತ್ರ ಯಂತ್ರ ಇಟ್ಟಿದ್ದರು, ಪಕ್ಕದ ನಮ್ಮ ಜಿಲ್ಲೆಯಲ್ಲಿ ಮತಪತ್ರ. ಎರಡರಲ್ಲೂ ಚುನಾವಣೆ ನಡೆಯಿತು, ಗೆದ್ದವರು ಗುಲಾಲು ಎರಚಿದರು, ಸೋತವರು ಮನೆಗೆ ಹೋದರು. ಮತಪತ್ರ ಆದರೆ ಎಣಿಕೆ ರಾತ್ರಿ ದಾಟಿ ಬೆಳಗಾಗುತ್ತದೆ, ಮಡಚಿದ್ದನ್ನು ಬಿಡಿಸಿ ಕಟ್ಟು ಕಟ್ಟುವುದರಲ್ಲಿ ಬೆರಳು ನೋಯುತ್ತದೆ, ಇಷ್ಟೇ ನನ್ನ ತಕರಾರು. ಯಾವುದಾದರೂ ಇಡಿ, ಆದರೆ ಇಡಿ.

2016ರ ಆ ಚುನಾವಣೆ ಯಾವಾಗ ನಡೆಯಿತು ನೋಡಿ. ಸಿದ್ದರಾಮಯ್ಯ ಅವರ ಮೊದಲ ಸರ್ಕಾರ ಬಂದದ್ದು 2013ರಲ್ಲಿ, ಮುಗಿದದ್ದು 2018ರಲ್ಲಿ. ಸರಿಯಾಗಿ ನಡುವೆ. ನಮಗೂ ಒಂದು ಮಧ್ಯಾವಧಿ ಚುನಾವಣೆ ಇತ್ತು ಸಂಪಾದಕರೇ, ಪಕ್ಷದ ಚಿಹ್ನೆ ಮೇಲೇ ನಡೆಯುತ್ತಿತ್ತು, ಆಳುವವರಿಗೆ ಎಷ್ಟು ಮಾರ್ಕ್ಸ್ ಅಂತ ತಿಳಿಯುತ್ತಿತ್ತು. ಅದನ್ನು ನಾವೇ ಕೈಯಾರೆ ಬಿಟ್ಟುಕೊಟ್ಟೆವು. ಕೆರೆಗೆ ಕೋಡಿ ಇರುತ್ತದೆ, ನೀರು ಜಾಸ್ತಿಯಾದರೆ ಅಲ್ಲಿಂದ ಹರಿದು ಹೋಗಿ ಕಟ್ಟೆ ಉಳಿಯುತ್ತದೆ. ಕೋಡಿಯನ್ನು ಮಣ್ಣು ಹಾಕಿ ಮುಚ್ಚಿಬಿಟ್ಟು, ಕಟ್ಟೆ ಯಾಕೆ ಬಿರುಕು ಬಿಟ್ಟಿತು ಅಂತ ಟಿವಿಯಲ್ಲಿ ಚರ್ಚೆ ಮಾಡುತ್ತಿದ್ದೇವೆ.

ಸಣ್ಣ ಚುನಾವಣೆಯಲ್ಲಿ ಒಂದು ಅನುಕೂಲ ಇದೆ. ಮೋದಿಯವರನ್ನು ಮೆಚ್ಚುವವನು ಮೋದಿಯವರನ್ನು ಬಿಡದೇ ತನ್ನ ಊರಿನ ಬಿಜೆಪಿ ಅಭ್ಯರ್ಥಿಯನ್ನು ಸೋಲಿಸಬಹುದು. ಖರ್ಗೆಯವರ ಮನೆತನಕ್ಕೆ ನಿಷ್ಠೆ ಇರುವವನು, ಆ ನಿಷ್ಠೆ ಇಟ್ಟುಕೊಂಡೇ ಕೆಲಸ ಮಾಡದ ಕಾಂಗ್ರೆಸ್ ಸದಸ್ಯನಿಗೆ ಮನೆ ದಾರಿ ತೋರಿಸಬಹುದು. ಪಾಳಯ ಬದಲಿಸಿದ ಅವಮಾನ ಯಾರಿಗೂ ಇಲ್ಲ. ಐದು ವರ್ಷಕ್ಕೊಮ್ಮೆ ಬರುವ ದೊಡ್ಡ ಚುನಾವಣೆ ಮಾತ್ರ ಉಳಿದರೆ ಹಾಗಾಗುವುದಿಲ್ಲ. ಅಲ್ಲಿ ಎಲ್ಲವೂ ದೇಶ ಉಳಿಯುತ್ತೋ ಮುಳುಗುತ್ತೋ ಅನ್ನುವ ಮಾತು. ಕುಸಿದ ಮೋರಿಗೆ ಆ ಭಾಷಣದಲ್ಲಿ ಜಾಗ ಎಲ್ಲಿ? ಪಕ್ಷಗಳಿಗೂ ಸಣ್ಣ ಸೋಲು ಆಗಾಗ ಸಿಗಬೇಕು. 2022ರಲ್ಲಿ ರಿಪಬ್ಲಿಕನ್ನರಿಗೆ ತಮ್ಮ ಅಭ್ಯರ್ಥಿಗಳು ಎಷ್ಟು ದುಬಾರಿ ಅಂತ ಅಂಕಿ ಸಮೇತ ಗೊತ್ತಾಯಿತು, ಅದರಿಂದ ಕಲಿತರೋ ಇಲ್ಲವೋ ಅದು ಅವರಿಗೆ ಬಿಟ್ಟದ್ದು. ನಮ್ಮ ಪಕ್ಷಗಳಿಗೆ ಆ ಅಂಕಿಯೇ ಸಿಗುತ್ತಿಲ್ಲ. ಅದಕ್ಕೇ ಗುಂಪಿನಲ್ಲಿ ಒಬ್ಬ ಜನ ಪೂರ್ತಿ ನಮ್ಮ ಕಡೆ ಅಂತಾನೆ, ಇನ್ನೊಬ್ಬನೂ ಅಷ್ಟೇ ಧೈರ್ಯವಾಗಿ ಅದನ್ನೇ ಅಂತಾನೆ. ಎಣಿಸಿದವರು ಯಾರು?

ಪಟ್ಟಣದಲ್ಲಿ ಎಣಿಸಿದಾಗ ಏನಾಯಿತು ಗೊತ್ತಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡಿನಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಒಬ್ಬ ಪಕ್ಷೇತರ. ಯಾರಿಗೂ ಬಹುಮತ ಇಲ್ಲ. ನಮ್ಮದೇ ಅಲೆ ಅಂದವರೆಲ್ಲ ತಣ್ಣಗೆ ಕೂತು ಜೆಡಿಎಸ್ ಬಾಗಿಲು ತಟ್ಟಿದರು. ಮೇಯರ್ ಆಯ್ಕೆ ಆಗುವಷ್ಟರಲ್ಲಿ ಒಂದೂವರೆ ವರ್ಷ ಹೋಯಿತು ಅನ್ನುವುದು ಬೇರೆ ವಿಷಯ, ಅದಕ್ಕೆ ಇನ್ನೊಂದು ಪತ್ರ ಬೇಕು.

ನನ್ನ ಈ ವಾದಕ್ಕೆ ಗೆಳೆಯರೊಬ್ಬರು ಅಡ್ಡ ಹಾಕಿದರು. ಜಿಲ್ಲಾ ಪಂಚಾಯತಿ ಚುನಾವಣೆ ಅಂದರೆ ಜಾತಿ, ದುಡ್ಡು, ಗುತ್ತಿಗೆದಾರರ ಆಟ, ಊರು ಇನ್ನಷ್ಟು ಒಡೆಯುತ್ತದೆ, ಅಧಿಕಾರಿಗಳೇ ನೆಟ್ಟಗೆ ನಡೆಸುತ್ತಾರೆ ಅಂದರು. ದುಡ್ಡು, ಜಾತಿ ಇಲ್ಲ ಅಂತ ನಾನು ಹೇಳಲಾರೆ, ಮತಗಟ್ಟೆಯ ಹೊರಗೆ ನಡೆಯುವುದನ್ನು ಸಾಕಷ್ಟು ನೋಡಿದ್ದೇನೆ. ಹಾಗಂತ ಅದು ಶಾಸಕರ ಚುನಾವಣೆಯಲ್ಲಿ ಇಲ್ವಾ? ಅದನ್ನೂ ನಿಲ್ಲಿಸೋಣವಾ? ಇನ್ನು ಅಧಿಕಾರಿಗಳು. ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ಅವರನ್ನು ನಾವು ಸೋಲಿಸಲು ಆಗುವುದಿಲ್ಲ, ವ್ಯತ್ಯಾಸ ಅಲ್ಲೇ. ಊರಿನ ಸದಸ್ಯನ ಮನೆ ನಮ್ಮ ಓಣಿಯಲ್ಲಿ, ಅವನ ಮಗಳ ಮದುವೆಗೆ ನಾವು ಹೋಗಬೇಕು, ನಮ್ಮ ಮನೆಯ ಸಾವಿಗೆ ಅವನು ಬರಬೇಕು. ಅವನ ಮುಖಕ್ಕೇ ಬೈಯಬಹುದು. ಬೈದವನನ್ನು ಅವನು ದೇಶದ್ರೋಹಿ ಅನ್ನುವುದಿಲ್ಲ, ಕೋಮುವಾದಿ ಅಂತಲೂ ಅನ್ನುವುದಿಲ್ಲ. ಮಾಡಿಸ್ತೀನಿ ಕಾಕಾ ಅಂತಾನೆ. ಮಾಡಿಸದಿದ್ದರೆ ಮುಂದಿನ ಸಲ ನೋಡಿಕೊಂಡರಾಯಿತು.

ಇನ್ನೊಂದು ನಷ್ಟವನ್ನೂ ಯಾರೂ ಲೆಕ್ಕ ಹಾಕುತ್ತಿಲ್ಲ. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ. ಗ್ರಾಮ ಪಂಚಾಯತಿ ಗೆದ್ದು ನಾಲ್ಕು ಸಭೆಯಲ್ಲಿ ಮಾತಾಡಿ ಧೈರ್ಯ ಬಂದ ಹೆಣ್ಣುಮಗಳು ತಾಲೂಕು, ಜಿಲ್ಲೆ ಅಂತ ಮೇಲೆ ಬರಬೇಕಿತ್ತು. ಏಣಿಯ ನಡುವಿನ ಮೆಟ್ಟಿಲುಗಳೇ ಇಲ್ಲ. ಹಾಗಾದರೆ ಮುಂದೆ ಶಾಸಕರ ಟಿಕೆಟ್ ಯಾರಿಗೆ ಹೋಗುತ್ತದೆ? ಶಾಸಕರ ಮಗನಿಗೆ, ಇಲ್ಲವೇ ಜೋರಾಗಿ ಕೂಗಿ ಮೊಬೈಲಿನಲ್ಲಿ ಹೆಸರು ಮಾಡಿದವನಿಗೆ. ಆಮೇಲೆ ರಾಜಕೀಯದಲ್ಲಿ ಕೂಗಾಟ ಜಾಸ್ತಿಯಾಯಿತು ಅಂತ ಸಂಪಾದಕೀಯ ಬರೆಯುತ್ತೀರಿ. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯತಿಗಳ ಅವಧಿಯೂ ಐದೇ ವರ್ಷ. ಅವಕ್ಕೂ ಇದೇ ಗತಿ ಆದರೆ ಹಳ್ಳಿಯಲ್ಲಿ ಜನ ಆರಿಸಿದವರು ಅಂತ ಒಬ್ಬರೂ ಉಳಿಯುವುದಿಲ್ಲ.

ನನ್ನದು ಒಂದು ವಿನಂತಿ. ನಿಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾ ಪುಟಗಳಲ್ಲಿ ಈ ಮೂರು ಜಿಲ್ಲೆಯ ಒಬ್ಬೊಬ್ಬ ಶಾಸಕರಿಗೂ, ಸಂಸದರಿಗೂ, ಪಕ್ಷ ನೋಡದೆ ಒಂದೇ ಪ್ರಶ್ನೆ ಕೇಳಿ. ಜಿಲ್ಲಾ ಮತ್ತು ತಾಲೂಕು ಪಂಚಾಯತಿ ಚುನಾವಣೆ ಯಾವ ತಿಂಗಳು ನಡೆಯಬೇಕು ಅಂತ ನೀವು ನಿಮ್ಮ ಪಕ್ಷಕ್ಕೆ ಬರೆದು ಕೊಟ್ಟಿದ್ದೀರಾ, ಕೊಟ್ಟಿದ್ದರೆ ಪತ್ರದ ಪ್ರತಿ ತೋರಿಸಿ ಅಂತ. ವಿರೋಧದಲ್ಲಿದ್ದಾಗ ಕೊಟ್ಟ ಹೇಳಿಕೆ ಲೆಕ್ಕಕ್ಕಿಲ್ಲ, ಅಧಿಕಾರದಲ್ಲಿದ್ದಾಗ ಬರೆದದ್ದು ಬೇಕು. ಉತ್ತರ ಕೊಟ್ಟವರದ್ದು ಹಾಗೆಯೇ ಅಚ್ಚು ಹಾಕಿ. ಕೊಡದವರ ಹೆಸರಿನ ಮುಂದೆ ಉತ್ತರ ಬಂದಿಲ್ಲ ಅಂತ ಅಚ್ಚು ಹಾಕಿ. ಪುಟದಲ್ಲಿ ಜಾಗ ಸಾಲದಿದ್ದರೆ ಅಮೆರಿಕದ ಲೇಖನ ಒಂದು ವಾರ ತಡವಾಗಿ ಬಂದರೂ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ಕಲಬುರಗಿ